ಕೆರೆ ಬಾಗಿಲಲ್ಲಿ ಕಾದ ಆರು ದಿನ

ನಮ್ಮೂರಿನ ಕೆರೆಗೆ ಎರಡು ಮನೆ. ಒಂದು ಊರಿನ ಮೂಡಲಿಗೆ, ಇನ್ನೊಂದು ಪಡುವಲಿಗೆ. ನಡುವೆ ಎಮ್ಮೆಯ ಬೆನ್ನಿನಂಥ ಉದ್ದನೆಯ ದಿಬ್ಬ, ಅದರ ಮೇಲೆ ನಮ್ಮ ಊರು. ಕೆರೆ ಕೆಲವು ವರ್ಷ ಒಂದು ತಗ್ಗಿನಲ್ಲಿರುತ್ತದೆ, ಮನಸ್ಸು ಬಂದಾಗ ಎದ್ದು ಊರನ್ನು ಹಾದು ಇನ್ನೊಂದು ತಗ್ಗಿಗೆ ಹೋಗಿ ಕೂರುತ್ತದೆ. ಎಷ್ಟು ವರ್ಷಕ್ಕೊಮ್ಮೆ ಎಂದು ಹೇಳಲು ಬರುವುದಿಲ್ಲ. ನನ್ನ ಅತ್ತೆಯ ಕಾಲದಲ್ಲಿ ಒಮ್ಮೆ ಮೂರೇ ವರ್ಷಕ್ಕೆ ಎದ್ದಿತ್ತಂತೆ. ನಾನು ಹೇಳಹೊರಟಿರುವ ಸಲ ಹದಿನಾಲ್ಕು ವರ್ಷ ಪಡುವಲಲ್ಲೇ ಕೂತುಬಿಟ್ಟಿತ್ತು.

ಕೆರೆ ಎಂದರೆ ಸಣ್ಣದೇನಲ್ಲ. ಈ ದಂಡೆಯಿಂದ ಆ ದಂಡೆಗೆ ಹನ್ನೆರಡು ಹರದಾರಿ. ಸುತ್ತಲೂ ಮರಳುಗಾಡು. ಎಲ್ಲೋ ದೂರದ ಗುಡ್ಡಗಳಲ್ಲಿ ಮಳೆಯಾದಾಗ ಮೂರು ಹೊಳೆಗಳು ಬಂದು ಅದರೊಳಗೆ ಸೇರುತ್ತವೆ, ಹೊರಗೆ ಹೋಗುವ ಹೊಳೆ ಒಂದೂ ಇಲ್ಲ. ಬಂದ ನೀರನ್ನು ಬಿಸಿಲು ಕುಡಿದು ಉಪ್ಪನ್ನು ನಮಗೆ ಬಿಡುತ್ತದೆ. ನೀರು ಎಷ್ಟು ದಪ್ಪವೆಂದರೆ ಅದರ ಮೇಲೆ ಮಂಚದ ಮೇಲೆ ಕೂತಂತೆ ಕೂರಬಹುದು, ಮುಳುಗುತ್ತೇನೆಂದು ಹಟ ಹಿಡಿದರೂ ಮುಳುಗಲಾಗದು. ಆದರೆ ದಂಡೆಯಿಂದ ಒಂದು ಹರದಾರಿಯವರೆಗೆ ನೀರೂ ಅಲ್ಲದ ನೆಲವೂ ಅಲ್ಲದ ಬಿಳಿ ಕೆಸರು, ಕಾಲಿಟ್ಟರೆ ತೊಡೆಯವರೆಗೆ ಹೂತುಹೋಗುತ್ತದೆ. ಹಾಗಾಗಿ ಅಲ್ಲಿ ದೋಣಿಯೂ ಇಲ್ಲ, ಬಂಡಿಯೂ ಇಲ್ಲ. ಸುತ್ತಿ ಹೋಗೋಣವೆಂದರೆ ಎಂಟು ದಿನದ ಮರಳ ದಾರಿ, ಒಂದು ಬಾವಿಯೂ ಸಿಗುವುದಿಲ್ಲ. ವರ್ಷಕ್ಕೆರಡು ಸಲ ಒಂಟೆಯವರು ಮಾತ್ರ ಹೋಗಿ ಬರುತ್ತಾರೆ. ಕೆರೆ ಇಲ್ಲದ ಕಡೆಯ ತಗ್ಗು ಬೇರೆಯೇ. ಕೆರೆ ಎದ್ದ ಒಂದೇ ದಿನಕ್ಕೆ ಅಲ್ಲಿನ ಉಪ್ಪು ಒಣ ರೊಟ್ಟಿಯ ಹಾಗೆ ಗಟ್ಟಿಯಾಗುತ್ತದೆ, ಆರು ಮೂಲೆಯ ಬಿರುಕುಗಳ ಮೇಲೆ ಬಂಡಿ ಕಟಕಟ ಎನ್ನುತ್ತ ಒಂದೂವರೆ ದಿನದಲ್ಲಿ ಆಚೆ ದಂಡೆ ಮುಟ್ಟುತ್ತದೆ.

ಊರೆಂದರೆ ದಿಬ್ಬದ ಬೆನ್ನುಗುಂಟ ಒಂದೇ ಉದ್ದ ಬೀದಿ, ಎರಡೂ ಬದಿಗೆ ಸೇರಿ ಅರವತ್ತು ಮನೆ. ಪ್ರತಿ ಮನೆಗೂ ಮೂಡಲಿಗೊಂದು ಪಡುವಲಿಗೊಂದು ಬಾಗಿಲು, ನೇರಕ್ಕೆ ನೇರ. ಆ ಎರಡು ಬಾಗಿಲುಗಳ ನಡುವೆ ನಾವು ಒಲೆ ಹೂಡುವುದಿಲ್ಲ, ಬೀಸುವ ಕಲ್ಲು ಇಡುವುದಿಲ್ಲ. ಕಾಳುಕಡಿಯನ್ನೆಲ್ಲ ಜಂತಿಗೆ ತೂಗುಹಾಕುತ್ತೇವೆ. ಕೆರೆ ಎದ್ದ ದಿನ ಎಲ್ಲ ಮನೆಗಳ ಎರಡೂ ಬಾಗಿಲು ತೆರೆದಿಡುತ್ತೇವೆ, ಅದು ಮೊಳಕಾಲುದ್ದ ನೀರಾಗಿ ಮನೆಯೊಳಗಿಂದ ನಡೆದುಹೋಗುತ್ತದೆ. ಬೆಳಗ್ಗೆ ಬಂದರೆ ಸಂಜೆಯೊಳಗೆ ಮುಗಿಯಿತು. ಅಷ್ಟು ದೊಡ್ಡ ಕೆರೆ ಮೊಳಕಾಲುದ್ದದಲ್ಲಿ ಹೇಗೆ ಹಿಡಿಸುತ್ತದೆ ಎಂದು ಹೊರಗಿನವರು ಕೇಳುತ್ತಾರೆ. ಹಿಡಿಸುತ್ತದೆ. ಒಂದು ಮನೆಯ ಬಾಗಿಲು ಹಾಕಿದ್ದರೂ ಅದು ಮುಂದೆ ಹೋಗುವುದಿಲ್ಲ. ನನ್ನ ಅತ್ತೆ ಒಮ್ಮೆ ಮರೆತು ಬಾಗಿಲು ಹಾಕಿಕೊಂಡು ಹೊಲಿಗೆ ಹಾಕುತ್ತ ಕೂತಿದ್ದರಂತೆ, ಪಾಪ, ಕೆರೆ ಮಧ್ಯಾಹ್ನದವರೆಗೆ ಬೀದಿಯಲ್ಲೇ ನಿಂತಿತ್ತು. ಸಾಯುವವರೆಗೂ ಅತ್ತೆ ಆ ವಿಷಯಕ್ಕೆ ನಾಚಿಕೊಳ್ಳುತ್ತಿದ್ದರು.

ಈಗ ಅಡಿವೆವ್ವನ ಕಥೆ. ಅವಳದು ನಮ್ಮದು ಗೋಡೆಗೆ ಗೋಡೆ ಹತ್ತಿದ ಮನೆ, ಬೀದಿಯ ಮೂಡಲ ಸಾಲಿನಲ್ಲಿ. ಕಾಯಿಸಿದ ಉಪ್ಪಿನಲ್ಲಿ ಕಡಲೆ ಹುರಿದು ಮಾರುತ್ತಿದ್ದಳು. ಕೈ ಚುರುಕು, ಬಾಯಿ ಇನ್ನೂ ಚುರುಕು. ಗಂಡ ಬೇಗ ತೀರಿಕೊಂಡ, ಇಬ್ಬರು ಹೆಣ್ಣುಮಕ್ಕಳನ್ನು ಕಡಲೆ ಹುರಿದೇ ಸಾಕಿದಳು. ಹಿರಿಯವಳು ಪಾರೋತಿಯನ್ನು ಪಡುವಲ ದಂಡೆಯ ಊರಿಗೆ ಕೊಟ್ಟಾಗ ಕೆರೆ ಮೂಡಲಲ್ಲಿತ್ತು, ಅವಳು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದಳು. ಆಮೇಲೆ ಕೆರೆ ಎದ್ದು ಪಡುವಲಿಗೆ ಹೋಗಿ ಕೂತಿತು. ಆಗ ಕಿರಿಯವಳು ಬಾಳವ್ವನಿಗೆ ಹತ್ತು ವರ್ಷ. ಅವಳು ದೊಡ್ಡವಳಾದ ಮೇಲೆ ಮೂಡಲ ದಂಡೆಗೆ ಮದುವೆಯಾಯಿತು, ಎರಡು ಮಕ್ಕಳಾದವು. ಅವಳೂ ಬಂದು ಹೋಗುತ್ತಿದ್ದಳು. ಒಬ್ಬಳಿಗೆ ದಾರಿ ತೆರೆದಾಗ ಇನ್ನೊಬ್ಬಳಿಗೆ ಮುಚ್ಚಿರುತ್ತದೆ. ಅಕ್ಕ ತಂಗಿಯರು ಒಬ್ಬರ ಮುಖ ಒಬ್ಬರು ನೋಡಿ ಹದಿನಾಲ್ಕು ವರ್ಷವಾಗಿತ್ತು. ನಮ್ಮೂರಲ್ಲಿ ಇದು ಹೊಸದಲ್ಲ. ಎಲ್ಲ ಮನೆಯಲ್ಲೂ ಅರ್ಧ ಬಳಗ ಯಾವಾಗಲೂ ನೀರಿನ ಆಚೆಗೇ ಇರುತ್ತದೆ. ಅದಕ್ಕೆ ಯಾರೂ ಅಳುತ್ತ ಕೂರುವುದಿಲ್ಲ, ಮಳೆ ಬಾರದಿದ್ದರೆ ಆಕಾಶದ ಜೊತೆ ಜಗಳಾಡುತ್ತೇವೆಯೇ?

ಆ ಮಂಗಳವಾರ ಬೆಳಗ್ಗೆ ರಾಜಹಂಸಗಳು ಎದ್ದವು. ಪಡುವಲ ಕೆರೆಯಲ್ಲಿದ್ದ ಸಾವಿರಾರು ಹಕ್ಕಿಗಳು ಗುಲಾಬಿ ಮೋಡದ ಹಾಗೆ ಊರಿನ ಮೇಲೆ ಹಾರಿ ಹೋಗಿ ಮೂಡಲ ತಗ್ಗಿನ ಒಣ ಉಪ್ಪಿನ ಮೇಲೆ ಇಳಿದು, ಒಂಟಿಕಾಲಲ್ಲಿ ಸಾಲಾಗಿ ನಿಂತವು. ಕೆರೆ ಏಳುವ ಮುನ್ನಾದಿನ ಅವು ಹೀಗೆ ಮುಂಚೆಯೇ ಹೋಗಿ ಕಾಯುತ್ತವೆ. ಊರಲ್ಲಿ ಗದ್ದಲ ಶುರುವಾಯಿತು. ಹಾಸಿಗೆ ಮೇಲಕ್ಕೆ, ಚೀಲ ಮೇಲಕ್ಕೆ, ಕೋಳಿ ಬುಟ್ಟಿ ಮಾಳಿಗೆಗೆ.

ನಾನು ಜಂತಿಗೆ ಜೋಳದ ಚೀಲ ಕಟ್ಟುತ್ತಿದ್ದೆ. ಅಡಿವೆವ್ವ ಬಂದು ಹೊಸ್ತಿಲಲ್ಲಿ ನಿಂತಳು. ನನ್ನ ಗಂಡ ಕೊಟ್ರಪ್ಪ ಎತ್ತುಗಳಿಗೆ ನೀರು ಕುಡಿಸಿ ಆಗ ತಾನೇ ಒಳಗೆ ಬಂದಿದ್ದ.

"ಕೊಟ್ರಪ್ಪ, ಬಂಡಿ ಹೂಡು. ಬಾಳವ್ವನ್ನ ಮಕ್ಕಳನ್ನ ಕರಕೊಂಡ್ ಬಾ," ಅಂದಳು.

"ಯಕ್ಕಾ, ತಲಿ ನೆಟ್ಟಗೈತೇನ?" ಅಂದ ಅವನು. "ನಾಳೆ ಬೆಳಗ್ಗೆ ಕೆರಿ ಬರತೈತಿ. ನಾ ಹೋಗಿ ಬರೂದಕ್ಕ ಶುಕ್ರಾರ ಸಂಜಿ ಆಕ್ಕೈತಿ. ನಡುದಾರ್ಯಾಗ ಹಿಡದ್ರ ಬಂಡಿ ಎತ್ತು ಮಕ್ಕಳು ಎಲ್ಲಾ ಕೆಸರಪಾಲು."

"ಬರೂದಿಲ್ಲ. ನಾ ನಿಂದ್ರಿಸ್ತೀನಿ."

"ಯಾವದನ್ನ?"

"ಕೆರಿನ. ನನ್ನ ಬಾಗ್ಲಾ ಹಾಕ್ಕೊಂಡು ಕುಂದ್ರತೀನಿ. ಪಾರೋತಿ ಹೆಂಗೂ ನೆಲ ಒಣಗಿದ ಕೂಡ್ಲೇ ಓಡಿ ಬರತಾಳ. ಇಬ್ರೂ ಒಂದ ಕಡಿ ಕುಂತು ಒಂದ ತಾಟಿನ್ಯಾಗ ಉಣ್ಣೂದನ್ನ ನಾ ನೋಡಬೇಕು. ಇನ್ನ ಹದಿನಾಕ್ ವರ್ಷ ಕಾಯಾಕ ನನ್ನ ಕಡಿ ಆಗೂದಿಲ್ಲ."

ಕೊಟ್ರಪ್ಪ ನನ್ನ ಮುಖ ನೋಡಿದ. ಹೋಗಬೇಡ ಅನ್ನುವ ಮಾತು ನನ್ನ ಗಂಟಲವರೆಗೆ ಬಂದಿತ್ತು. ಆದರೆ ನನಗೂ ಪಡುವಲಲ್ಲಿ ಒಬ್ಬ ತಮ್ಮನಿದ್ದಾನೆ, ಅವನ ಮದುವೆಗೆ ನಾನು ಹೋಗಿಲ್ಲ. ಬಾಯಿಂದ ಬಂದದ್ದು ಬೇರೆಯೇ ಮಾತು: "ಎತ್ತಿಗೆ ಹತ್ತಿಕಾಳು ಹಾಕ್ಕೊಂಡು ಹೋಗ್ರಿ. ಕುಡಿಯೂ ನೀರಿಂದು ಎರಡು ಕೊಡ ಇರಲಿ."

ಅವನು ಮಧ್ಯಾಹ್ನಕ್ಕೆ ಹೊರಟ. ಬಂಡಿ ದಿಬ್ಬ ಇಳಿದು ರಾಜಹಂಸಗಳ ನಡುವೆ ಹೋಯಿತು, ಅವು ಸ್ವಲ್ಪ ಸರಿದು ದಾರಿ ಬಿಟ್ಟವು.

ಬುಧವಾರ ಹೊತ್ತು ಮೂಡುವಾಗ ಕೆರೆ ದಿಬ್ಬ ಏರಿ ಬಂತು. ಸದ್ದು ಕಡಿಮೆ, ಯಾರೋ ಬಹಳ ಜನ ಬರಿಗಾಲಲ್ಲಿ ನಡೆದು ಬಂದಂತೆ. ಪಡುವಲ ಸಾಲಿನ ಮನೆಗಳನ್ನು ಹಾದು ಬೀದಿಗಿಳಿಯಿತು, ಬೀದಿ ದಾಟಿ ನಮ್ಮ ಸಾಲಿನ ಮನೆಗಳಿಗೆ ಕಾಲಿಟ್ಟಿತು. ಅಡಿವೆವ್ವನ ಬಾಗಿಲ ಮುಂದೆ ಬಂದು ನಿಂತಿತು. ಒಂದು ಸಲ ಬಾಗಿಲಿಗೆ ಮೆಲ್ಲಗೆ ತಾಗಿತು. ಆಮೇಲೆ ಎಲ್ಲ ಮನೆಯಲ್ಲೂ, ಬೀದಿಯಲ್ಲೂ, ಇದ್ದಲ್ಲೇ ನಿಂತುಬಿಟ್ಟಿತು. ಐವತ್ತೊಂಬತ್ತು ಮನೆಯಲ್ಲಿ ಮೊಳಕಾಲುದ್ದ ನೀರು, ಅವಳೊಬ್ಬಳ ಮನೆ ಒಣಗಿದ್ದು ಒಣಗಿದಂತೆ.

ಊರ ಹಿರಿಯರಾದ ಈರಣಗೌಡರು ಧೋತರ ಎತ್ತಿ ಕಟ್ಟಿ ನೀರಲ್ಲಿ ನಡೆದು ಬಂದರು. ಅಡಿವೆವ್ವ ಕಿಟಕಿಯಲ್ಲಿ ಮುಖ ಇಟ್ಟು ನಿಂತಿದ್ದಳು.

"ಅಡಿವೆವ್ವಾ, ಬಾಗ್ಲಾ ತಗಿ. ಕೆರಿ ನಿಂತೈತಿ."

"ನಿಂದ್ರಲಿ ಗೌಡ್ರ. ಅದಕ್ಕೇನ್ ಕಾಲು ನೋಯೂದಿಲ್ಲ."

"ಮನಿಗೆ ಬಂದವರನ್ನ ಹಿಂಗ ಹೊರಗ ನಿಂದ್ರಿಸ್ತಾರೇನ? ಊರ ಮರ್ಯಾದಿ ಪ್ರಶ್ನಿ ಐತಿ."

"ನನ್ನ ಮಗಳನ್ನ ಹದಿನಾಕ್ ವರ್ಷ ಆಚೀಕಡಿ ನಿಂದ್ರಿಸ್ತಲ್ಲ, ಆವಾಗ ಯಾರರೆ ಮರ್ಯಾದಿ ಕೇಳಿದ್ರೇನು? ನಾಕ್ ದಿನ ಕುಂದ್ರಲಿ. ಕಡ್ಲಿ ಬೇಕಂದ್ರ ಕೊಡ್ತೀನಿ ಅದಕ್ಕ."

ಬೀದಿಯಲ್ಲಿ ಯಾರೋ ನಕ್ಕರು. ಗೌಡರಿಗೆ ಅದೇ ಸಿಟ್ಟು. ಆ ದಿನವೆಲ್ಲ ಜನ ಗೊಣಗಿದರು. ಮೈಯೆಲ್ಲ ಉಪ್ಪು, ತುರಿಕೆ. ಒಲೆಕಟ್ಟೆ ಎತ್ತರದ್ದಾದ್ದರಿಂದ ಅಡುಗೆಗೇನೂ ತೊಂದರೆಯಾಗಲಿಲ್ಲ, ಆದರೆ ನೀರಲ್ಲಿ ನಿಂತು ರೊಟ್ಟಿ ಬಡಿಯುವುದು ಒಂದು ಹಿಂಸೆ. ನೀವು ಕೂರಲು ಹೋದರೆ ನೀರು ನಿಮ್ಮನ್ನು ಎತ್ತಿ ಪಕ್ಕದ ಕೋಣೆಗೆ ತಳ್ಳುತ್ತದೆ.

ಗುರುವಾರ ಗೌಡರು ಹತ್ತು ಜನರನ್ನು ಕರೆದುಕೊಂಡು ಬಂದರು. ಒಬ್ಬನ ಹೆಗಲ ಮೇಲೆ ಕೊಡಲಿ ಇತ್ತು. "ಕಡೇ ಸಲ ಹೇಳ್ತೀನಿ. ತಗೀತಿಯೋ, ಒಡಸ್ಲೋ?" ಅಂದರು.

ಅಡಿವೆವ್ವ ಬಾಗಿಲಿಗೆ ಬೆನ್ನು ಕೊಟ್ಟು ಕೂತ ಸದ್ದು ಕೇಳಿತು.

ಕೊಟ್ರಪ್ಪ ಆ ಹೊತ್ತಿಗೆ ಆಚೆ ದಂಡೆಯಿಂದ ಹೊರಟಿರಬೇಕು, ಬಂಡಿಯಲ್ಲಿ ಬಾಳವ್ವ, ಎರಡು ಮಕ್ಕಳು. ಬಾಗಿಲು ಒಡೆದರೆ ಸಂಜೆಯೊಳಗೆ ಹನ್ನೆರಡು ಹರದಾರಿ ನೀರು ಅವರ ಮೇಲೆ ಹೋಗುತ್ತದೆ. ನಾನು ಅವರೆದುರಿಗೇ ನಮ್ಮ ಬಾಗಿಲನ್ನು ಎಳೆದು ಹಾಕಿ, ಅಗಳಿ ಜಡಿದು, ಕಿಟಕಿಗೆ ಬಂದು ಕೂಗಿದೆ: "ಗೌಡ್ರ, ಅದನ್ನ ಒಡದ ಮ್ಯಾಲೆ ಇದನ್ನೂ ಒಡೀಬೇಕಾಕ್ಕೈತಿ. ನನ್ನ ಗಂಡ ತಗ್ಗಿನ್ಯಾಗ ಅದಾನ. ಅವನ ಮ್ಯಾಲೆ ನೀರು ಬಿಡ್ತೀರೇನು?"

ಗೌಡರು ತಬ್ಬಿಬ್ಬಾದರು. ಕೊಟ್ರಪ್ಪ ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಕೊಡಲಿಯವನು ಕೊಡಲಿಯನ್ನು ಹೆಗಲಿಂದ ಇಳಿಸಿದ. ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಧಡ್ ಎಂದು ಒಂದು ಬಾಗಿಲು ಹಾಕಿದ ಸದ್ದು ಬಂತು. ಎಲ್ಲರೂ ತಿರುಗಿ ನೋಡಿದೆವು. ಅದು ಗೌಡರದೇ ಮನೆ. ಮಾಳಿಗೆಯ ಮೇಲೆ ಗೌಡಸಾನಿ ಸಂಗವ್ವ ಸೊಂಟಕ್ಕೆ ಕೈ ಇಟ್ಟು ನಿಂತಿದ್ದರು.

"ಏನಿದು?" ಅಂತ ಗೌಡರು ಕೂಗಿದರು.

"ನಮ್ಮಕ್ಕ ಪಡುವಲದಾಕಿ, ನಿಮ್ಮ ತಂಗಿ ಮೂಡಲದಾಕಿ. ಇಬ್ರೂ ಬರಲಿ. ಅಲ್ಲೀತನಕ ನೀವೂ ಅಲ್ಲೇ ನಿಂದರ್ರಿ ಕೆರಿ ಜೋಡಿ!"

ಆ ಮೇಲೆ ನೋಡಬೇಕಿತ್ತು. ಒಂದಾದ ಮೇಲೊಂದು ಬಾಗಿಲು ಧಡ್, ಧಡ್ ಎಂದು ಹಾಕಿಕೊಂಡವು. ಒಳಗಿನ ನೀರನ್ನು ತಂಬಿಗೆಯಲ್ಲಿ, ಬುಟ್ಟಿಯಲ್ಲಿ, ಮೊರದಲ್ಲಿ ಕಿಟಕಿಯಿಂದ ಹೊರಗೆ ಚೆಲ್ಲಿದೆವು. ಕೆರೆಗೆ ಬೇಜಾರಾದಂತೆ ಕಾಣಲಿಲ್ಲ, ಬೀದಿಯಲ್ಲಿ ಸ್ವಲ್ಪ ಎತ್ತರವಾಗಿ ನಿಂತಿತು, ಅಷ್ಟೆ. ಗೌಡರು ಎತ್ತಿ ಕಟ್ಟಿದ್ದ ಧೋತರ ಇಳಿಬಿಟ್ಟು, ನೀರಿನ ಮೇಲೆ ಕೂತೇ ಬಿಟ್ಟರು. ಬೇರೆ ದಾರಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಯಾರೋ ಅವರಿಗೆ ಚಹಾ ತಂದುಕೊಟ್ಟರು, ಅವರು ಬೀದಿಯುದ್ದಕ್ಕೂ ತೇಲುತ್ತ ಕುಡಿದರು. ಸಂಜೆಗೆ ಊರ ಗಂಡಸರೆಲ್ಲ ಬೀದಿಯಲ್ಲಿ ತೇಲುತ್ತ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಮಕ್ಕಳಂತೂ ನೀರು ಬಿಟ್ಟು ಬರಲಿಲ್ಲ. ಅಡಿವೆವ್ವ ಕಿಟಕಿಯಿಂದ ಕಡಲೆ ಪೊಟ್ಟಣ ಎಸೆಯುತ್ತಿದ್ದಳು, ಅವರು ತೇಲುತ್ತಲೇ ಹಿಡಿಯುತ್ತಿದ್ದರು.

ಶುಕ್ರವಾರ ಮಧ್ಯಾಹ್ನದಿಂದ ನಾನು ಮಾಳಿಗೆ ಬಿಟ್ಟು ಇಳಿಯಲಿಲ್ಲ. ಮೂಡಲ ತಗ್ಗು ಬಿಸಿಲಿಗೆ ಹೊಳೆಯುತ್ತ, ನಡುಗುತ್ತ ಇತ್ತು. ಆ ಉಪ್ಪಿನ ಬಯಲಲ್ಲಿ ಕಣ್ಣನ್ನು ನಂಬುವಂತಿಲ್ಲ. ನೀರಿಲ್ಲದಲ್ಲಿ ನೀರು ಕಾಣುತ್ತದೆ, ಕಲ್ಲುಗಳು ಗಾಳಿಯಲ್ಲಿ ತೇಲುತ್ತವೆ. ಪಡುವಲ ಗಾಳಿ ಜೋರಾಗಿತ್ತು, ಕೆರೆಯನ್ನು ನಮ್ಮ ಸಾಲಿನ ಕಡೆಗೇ ದೂಡುತ್ತಿತ್ತು. ಬಾಗಿಲುಗಳು ಕಿರುಗುಟ್ಟುತ್ತಿದ್ದವು. ಕೆಳಗೆ ಅಡಿವೆವ್ವ ಬಾಗಿಲಿಗೆ ಒನಕೆ ಆನಿಸಿ, ಅದರ ಮೇಲೆ ತಾನೇ ಒರಗಿ ನಿಂತಿದ್ದಳು. "ಕಂಡರೇನ ರುದ್ರವ್ವಾ?" ಎಂದು ಗಳಿಗೆಗೊಮ್ಮೆ ಕೂಗುತ್ತಿದ್ದಳು. "ಇಲ್ಲಕ್ಕಾ" ಎಂದು ನಾನು ಹೇಳುತ್ತಿದ್ದೆ. ಹೇಳಿ ಹೇಳಿ ನನ್ನ ದನಿ ಸಣ್ಣದಾಗುತ್ತ ಹೋಯಿತು.

ಹೊತ್ತು ಇಳಿಯುವಾಗ ಆಕಾಶದಲ್ಲಿ ಒಂದು ಬಂಡಿ ಕಂಡಿತು, ತಲೆಕೆಳಗಾಗಿ, ಎತ್ತುಗಳ ಕಾಲು ಮೇಲೆ. ನಿಧಾನಕ್ಕೆ ಅದರ ಕೆಳಗೆ ಇನ್ನೊಂದು ಬಂಡಿ ನೆಟ್ಟಗೆ ಮೂಡಿತು, ಅದರ ಹಿಂದೆ ಇನ್ನೂ ಮೂರು. ಕೊಟ್ರಪ್ಪ ಒಬ್ಬಳನ್ನು ಕರೆಯಲು ಹೋಗಿ ಅರ್ಧ ಊರನ್ನೇ ಏರಿಸಿಕೊಂಡು ಬಂದಿದ್ದ. ನಾನು ಮಾಳಿಗೆಯಿಂದ ಹೇಗೆ ಇಳಿದೆನೋ ಗೊತ್ತಿಲ್ಲ. ಅವನ ಮೀಸೆಯೆಲ್ಲ ಉಪ್ಪಾಗಿ ಬೆಳ್ಳಗಾಗಿತ್ತು. "ಬಾಗ್ಲಾ ಹಾಕೈತೇನ?" ಎಂದು ಮೊದಲು ಕೇಳಿದ. "ಎಲ್ಲಾರೂ ಹಾಕ್ಯಾರ," ಅಂದೆ.

ಬಾಳವ್ವ ಹಿಂದಿನ ಬಾಗಿಲಿಂದ ತಾಯಿಯ ಮನೆಗೆ ಬಂದಳು. ಆ ಕಡೆ ನೆಲ ಒಣಗಿತ್ತು. ಪಾರೋತಿ ಬಂದದ್ದು ಶನಿವಾರ ಬೆಳಗ್ಗೆ, ಬೀದಿಯ ಕಡೆಯಿಂದ, ಗಂಟನ್ನು ತಲೆಯ ಮೇಲಿಟ್ಟುಕೊಂಡು ನೀರಲ್ಲಿ ನಡೆಯುತ್ತ. ಅವಳ ಹಿಂದೆ ಮುಂದೆ ಪಡುವಲ ದಂಡೆಯ ಹೆಣ್ಣುಮಕ್ಕಳು ಇಪ್ಪತ್ತು ಮೂವತ್ತು ಜನ, ಎಲ್ಲರ ತಲೆಯ ಮೇಲೂ ಗಂಟು. ಕೆರೆ ಎದ್ದಿತೆಂದರೆ ಆ ದಂಡೆಯ ಸೊಸೆಯಂದಿರನ್ನು ಯಾರೂ ತಡೆಯುವುದಿಲ್ಲ. ನನ್ನ ತಮ್ಮನೂ ಇದ್ದ, ಹೆಂಡತಿಯನ್ನು ಕರೆದುಕೊಂಡು. ಅವಳು ನೀರಲ್ಲೇ ಬಗ್ಗಿ ನನ್ನ ಕಾಲು ಮುಟ್ಟಲು ಹೋಗಿ ತೇಲಿಬಿಟ್ಟಳು.

ಪಾರೋತಿ ತಾಯಿಯ ಬಾಗಿಲು ಬಡಿದಳು. "ಅವ್ವಾ, ಬಾಗ್ಲಾ ತಗಿ!"

"ತಗಿಯೂದಿಲ್ಲ. ಕಿಟಕ್ಯಾಗಿಂದ ಬಾ."

ಹಾಗೆ ಮೂವತ್ತಾರು ವರ್ಷದ ಪಾರೋತಿಯನ್ನು ಕಿಟಕಿಯಿಂದ ಎಳೆದುಕೊಂಡರು. ಒಳಗೆ ಬಾಳವ್ವ ಕೈ ಹಿಡಿದು ಎಳೆಯುತ್ತಿದ್ದಳು, ಹೊರಗಿನಿಂದ ಕೊಟ್ರಪ್ಪ ಮುಖ ಆ ಕಡೆ ತಿರುಗಿಸಿಕೊಂಡು ಕಾಲು ದೂಡುತ್ತಿದ್ದ. ಪಾರೋತಿ ಒಳಗೆ ಬಿದ್ದಳು. ಎದ್ದು, ತನ್ನನ್ನು ಎಳೆದವಳ ಮುಖ ನೋಡಿ, "ಈಕಿ ಯಾರು?" ಅಂದಳು. ಬಾಳವ್ವ ಅಕ್ಕನ ಹೆಗಲಿಗೆ ತಲೆಯಿಟ್ಟುಬಿಟ್ಟಳು. ಹತ್ತು ವರ್ಷದ ಹುಡುಗಿಯನ್ನು ಬಿಟ್ಟು ಹೋದವಳು ತನಗಿಂತ ಎತ್ತರದ ಹೆಂಗಸನ್ನು ತಬ್ಬಿಕೊಂಡು ನಿಂತಳು. ಗೋಡೆಯ ಆಚೆಯಿಂದ ಅದನ್ನು ಕೇಳಿಸಿಕೊಂಡು ನನಗೂ ಅಳು ಬಂತು.

ಅಳು ಮುಗಿದು ಒಂದು ತಾಸೂ ಆಗಿರಲಿಲ್ಲ, ಜಗಳದ ಸದ್ದು ಶುರುವಾಯಿತು. ತಾಯಿಯ ಕೆಮ್ಮಿಗೆ ಯಾವ ಕಷಾಯ ಕೊಡಬೇಕೆಂಬ ಮಾತಿಗೆ ಹತ್ತಿಕೊಂಡದ್ದು. "ಇಷ್ಟ ವರ್ಷ ನಾ ನೋಡ್ಕೊಂಡೀನಿ, ನಿನಗೇನ್ ಗೊತ್ತು?" ಅಂದಳು ಬಾಳವ್ವ. "ನಿನಗ ಅಂಬಿಗಾಲು ಬರೂಕ್ಕಿಂತ ಮೊದಲು ನಾ ನೋಡ್ಕೊಂಡೀನಿ," ಅಂದಳು ಪಾರೋತಿ. ಅಲ್ಲಿಂದ ಹಳೆಯ ಕುಪ್ಪಸಕ್ಕೆ ಹೋಯಿತು, ಅಲ್ಲಿಂದ ಯಾರ ಪಾಲಿನ ಬೆಲ್ಲ ಯಾರು ತಿಂದರು ಎನ್ನುವುದಕ್ಕೆ ಹೋಯಿತು. ನಾನು ಬಿಡಿಸಲು ಹೋದೆ. ಅಡಿವೆವ್ವ ಕಂಬಕ್ಕೆ ಒರಗಿ, ಕಾಲು ಚಾಚಿ, ಮೊಮ್ಮಕ್ಕಳನ್ನು ಎರಡೂ ಬದಿಗೆ ಕೂರಿಸಿಕೊಂಡು ಕೂತಿದ್ದಳು. ಮುಖದ ತುಂಬ ನಗು.

"ನೀ ಕುಂದ್ರು ರುದ್ರವ್ವ," ಅಂದಳು. "ಇದನ್ನ ಕೇಳಬೇಕಂತನ ಕೆರಿ ನಿಂದ್ರಿಸಿದ್ದು. ಆಡ್ಲಿ, ಪೂರಾ ಆಡ್ಲಿ."

ಮಧ್ಯಾಹ್ನ ಇಬ್ಬರೂ ಮಾತು ಬಿಟ್ಟುಕೊಂಡೇ ಒಂದೇ ತಾಟಿನಲ್ಲಿ ಉಂಡರು. ಸಂಜೆಗೆ ಪಾರೋತಿ ತಂಗಿಯ ತಲೆ ಬಾಚುತ್ತಿದ್ದಳು. ಆ ಎರಡು ದಿನ ಊರು ಊರಾಗಿರಲಿಲ್ಲ. ಒಂದೊಂದು ಮನೆಯಲ್ಲಿ ಮೂಡಲದವರು ಹಿಂದಿನ ಬಾಗಿಲಿಂದ, ಪಡುವಲದವರು ಕಿಟಕಿಯಿಂದ. ಬೀಗರು ಮೊದಲ ಸಲ ಬೀಗರನ್ನು ಕಂಡರು. ಗೌಡರ ತಂಗಿಯೂ ಗೌಡಸಾನಿಯ ಅಕ್ಕನೂ ಸೇರಿ ಗೌಡರನ್ನು ಛೇಡಿಸಿ ಛೇಡಿಸಿ ಇಟ್ಟರು. ಗೌಡರು ಆ ಸಿಟ್ಟಿನಲ್ಲೇ ಎರಡು ಸಂಬಂಧ ಕುದುರಿಸಿದರು.

ಆದರೆ ಕೆರೆಯನ್ನು ಎಷ್ಟು ದಿನ ಅಂತ ನಿಲ್ಲಿಸುವುದು? ಮೂಡಲದವರು ಮನೆ ಮುಟ್ಟಲು ಒಂದೂವರೆ ದಿನ ಬೇಕು. ಭಾನುವಾರ ಬೆಳಗ್ಗೆ ಅವರ ಬಂಡಿಗಳು ಹೊರಡುವುದೆಂದೂ, ಮಂಗಳವಾರ ಬೆಳಗ್ಗೆ ಬಾಗಿಲು ತೆರೆಯುವುದೆಂದೂ ಗೌಡರು ಬೀದಿಯಲ್ಲಿ ತೇಲುತ್ತಲೇ ತೀರ್ಮಾನ ಹೇಳಿದರು. ಭಾನುವಾರ ಅಡಿವೆವ್ವ ಬಾಳವ್ವನ ಗಂಟು ಕಟ್ಟಿದಳು, ಬಿಚ್ಚಿದಳು, ಮತ್ತೆ ಕಟ್ಟಿದಳು. ಬಂಡಿ ಹೊರಟಾಗ ಪಾರೋತಿ ಒಂದು ಹರದಾರಿ ದೂರ ಅದರ ಪಕ್ಕದಲ್ಲೇ ನಡೆದುಕೊಂಡು ಹೋದಳು. ಅಡಿವೆವ್ವ ಹಿತ್ತಲಲ್ಲಿ ನಿಂತು ನೋಡಿದಳು.

ಮಂಗಳವಾರ ಹೊತ್ತು ಮೂಡಿತು. ಐವತ್ತೊಂಬತ್ತು ಮನೆಗಳವರು ಬಾಗಿಲು ತೆರೆದು ಕಾದೆವು. ಯಾರೂ ಅಡಿವೆವ್ವನಿಗೆ ಹೇಳಲು ಹೋಗಲಿಲ್ಲ. ನಾನೂ ಪಾರೋತಿಯೂ ಅವಳ ಪಡಸಾಲೆಯಲ್ಲಿ ನಿಂತಿದ್ದೆವು. ಪಾರೋತಿ ಒನಕೆ ತೆಗೆಯಲು ಹೋದರೆ, "ಅತ್ಲಾಗ ಸರಿ, ನಾ ತಗೀತೀನಿ," ಎಂದು ಅಡಿವೆವ್ವ ತಾನೇ ತೆಗೆದಳು, ತಾನೇ ಅಗಳಿ ಸರಿಸಿದಳು.

ಆರು ದಿನ ಕಾದ ನೀರು ನುಗ್ಗಿ ಬರುತ್ತದೆಂದು ನಾನು ಕಂಬ ಹಿಡಿದಿದ್ದೆ. ಅದು ನುಗ್ಗಲಿಲ್ಲ. ಮೊದಲು ಹೊಸ್ತಿಲನ್ನು ಒದ್ದೆ ಮಾಡಿತು, ಆಮೇಲೆ ಅಡಿವೆವ್ವನ ಪಾದ, ಆಮೇಲೆ ಪಡಸಾಲೆ. ನಡುಮನೆಗೆ ಬಂದು ನಿಂತಿತು. ಹಿಂದಿನ ಬಾಗಿಲು ತೆರೆದೇ ಇತ್ತು, ಆಚೆ ಬಿಳಿ ತಗ್ಗು, ರಾಜಹಂಸಗಳು. ಆದರೂ ನಿಂತೇ ಇತ್ತು. ಊರೆಲ್ಲ ಕಿವಿಗೊಟ್ಟು ಕಾಯುತ್ತಿತ್ತು.

ಅಡಿವೆವ್ವ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನೀರಲ್ಲಿ ನಡುಮನೆಯವರೆಗೆ ನಡೆದಳು. ಬಗ್ಗಿ ಅಂಗೈಯನ್ನು ನೀರಿಗೆ ಇಟ್ಟಳು, ಮಕ್ಕಳ ಬೆನ್ನ ಮೇಲೆ ಇಡುವ ಹಾಗೆ.

"ಸಿಟ್ಟ ಮಾಡ್ಕೋಬ್ಯಾಡ," ಅಂದಳು. "ಹೊತ್ತಾಕ್ಕೈತಿ. ಹೋಗಿ ಬಾ."

ಕೆರೆ ಅವಳ ಕೈ ಕೆಳಗಿನಿಂದ ಮೆಲ್ಲಗೆ ಜರುಗಿ, ಹಿಂದಿನ ಹೊಸ್ತಿಲು ದಾಟಿ, ಮೂಡಲಿಗೆ ಇಳಿಯಿತು.